ಉರಿಯೋದು ಸಹಜ

ಮೊದಲು ಹೇಲಿನ ವಿಷಯ ಹೇಳಿ ಮುಗಿಸುತ್ತೇನೆ. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಿ.

ನಾನು ಬಟ್ಟೆ ಒಗೆಯುವವಳು. ನಮ್ಮ ಶೆಡ್ಡಿಗೆ ಬರುವುದು ಮಕ್ಕಳ ಬಟ್ಟೆ ಮಾತ್ರ. ಅದರಲ್ಲಿ ಸೋಮವಾರ ಬರುವ ಗಂಟು ಎಲ್ಲಕ್ಕಿಂತ ಕೆಟ್ಟದ್ದು. ಶುಕ್ರವಾರ ಮಗು ಚಡ್ಡಿಯಲ್ಲಿ ಮಾಡಿಕೊಂಡದ್ದನ್ನು ಹಾಗೇ ಮಡಿಚಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಮೇಲೆ ಹೆಸರಿನ ಚೀಟಿ ಅಂಟಿಸಿ ಕಳಿಸುತ್ತಾರೆ. ಚೀಟಿಯ ಮೇಲೆ ಒಂದು ಚಿಟ್ಟೆಯ ಚಿತ್ರ, ಇಲ್ಲವೇ ಒಂದು ಮೊಲ. ಬಿಚ್ಚಿದರೆ ಮೂರು ದಿನದ ನಾತ ಮುಖಕ್ಕೆ ರಾಚುತ್ತದೆ. ಒಳಗೆ ಉಂಡೆ ಉಂಡೆಯಾಗಿಯೇ ಇರುತ್ತದೆ. ಕಕ್ಕಸಿಗೆ ಕೊಡವಿ ಕಳಿಸುವಷ್ಟೂ ಅವರ ಕೈ ಏಳುವುದಿಲ್ಲ. ತಾವೇ ಹೆತ್ತದ್ದು, ಕಂಡವರ ಮಗುವೇನಲ್ಲ.

ಅದನ್ನು ಕೆರೆದು ತೆಗೆಯಲು ನಮ್ಮಲ್ಲಿ ಒಬ್ಬಳು ಮುದುಕಿ ಇದ್ದಾಳೆ. ಬೆಳಗಿನಿಂದ ಸಂಜೆವರೆಗೆ ಸ್ಟೀಲಿನ ಚಮಚ ಹಿಡಿದು ಕೂತಿರುತ್ತಾಳೆ. ಚಮಚದಜ್ಜಿ ಎಂದೇ ಅವಳ ಹೆಸರು. ಯಾವ ಮಗುವಿನ ಹೊಟ್ಟೆ ಕೆಟ್ಟಿದೆ, ಯಾವುದಕ್ಕೆ ಜಂತುಹುಳ ಇದೆ ಎಂಬುದು ಅವುಗಳ ಅಮ್ಮಂದಿರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಒಂದು ಸಲ ಪಾಪ ಅನಿಸಿ, ಮೊಲದ ಚೀಟಿಯ ಮಗುವಿಗೆ ಹುಳದ ಔಷಧಿ ಕೊಡಿಸಿ ಎಂದು ಅದರ ತಾಯಿಗೆ ಹೇಳಿದ್ದಳು. ಆ ತಾಯಿ ಮುಖ ಕಿವುಚಿಕೊಂಡು, ಅದನ್ನೆಲ್ಲ ನೀನು ಯಾಕೆ ನೋಡಲು ಹೋದೆ ಎಂದು ಕೇಳಿದಳಂತೆ. ನೋಡದೆ ಕೆರೆಯುವುದು ಹೇಗೆ ಎಂದು ಅಜ್ಜಿ ನಮ್ಮ ಹತ್ತಿರ ಬಂದು ಬಿದ್ದು ಬಿದ್ದು ನಕ್ಕಳು. ಅವಳು ಮನೆಯಲ್ಲಿ ಊಟಕ್ಕೆ ಚಮಚ ಮುಟ್ಟುವುದಿಲ್ಲ.

ಇಷ್ಟೇ ಹೇಲಿನ ವಿಷಯ. ಮಗು ಅಂದಮೇಲೆ ಮಾಡಿಕೊಳ್ಳುತ್ತದೆ, ಅದಕ್ಕೆ ನಾನು ಹೇಸುವವಳಲ್ಲ. ನನಗೆ ಹೊಟ್ಟೆ ತೊಳಸುವುದು ಒಂದು ಮಾತಿಗೆ. ಸಹಜ ಎಂಬ ಮಾತಿಗೆ. ಯಾರ ಬಾಯಲ್ಲಿ ಕೇಳಿದರೂ ಈಗ ನನ್ನ ಗಂಟಲಿಗೆ ಹುಳಿನೀರು ಬರುತ್ತದೆ.

ಆ ಮಾತು ನಮ್ಮ ಯಜಮಾನಿಯದು. ಅವಳ ಮನೆಯ ಹಿಂದೆ ಎರಡು ಕಾರು ನಿಲ್ಲುವಷ್ಟು ದೊಡ್ಡ ಶೆಡ್ಡು. ಅಲ್ಲಿ ಎಂಟು ಸಿಮೆಂಟು ತೊಟ್ಟಿ, ಆರು ಜನ ಹೆಂಗಸರು. ಗೇಟಿನ ಮೇಲೆ ಹಸಿರು ಬೋರ್ಡು: 'ಸಹಜ. ಮಕ್ಕಳ ಬಟ್ಟೆಗೆ. ರಾಸಾಯನಿಕ ಇಲ್ಲ.' ಅಂಟುವಾಳ, ನಿಂಬೆ, ವಿನಿಗರ್, ಉಪ್ಪು, ಬೂದಿ, ಇಷ್ಟರಲ್ಲೇ ಎಂಥ ಹಟಮಾರಿ ಕಲೆಯನ್ನೂ ತೆಗೆಯುತ್ತೇವೆ ಎಂದು ಮನೆಮನೆಗೆ ಹೋಗಿ ಹೇಳಿ ಬಂದಿದ್ದಾಳೆ. ನೋಡಲು ಕೆಟ್ಟವಳ ಹಾಗೆ ಕಾಣುವುದಿಲ್ಲ. ಹತ್ತಿ ಬಟ್ಟೆ ಉಡುತ್ತಾಳೆ. ಮೆಲ್ಲಗೆ ಮಾತಾಡುತ್ತಾಳೆ. ನಾನಿದ್ದ ಎರಡು ವರ್ಷದಲ್ಲಿ ಅವಳು ದನಿ ಎತ್ತಿದ್ದು ಒಂದೇ ಒಂದು ಸಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲನೇ ವಾರ ನಾನು ಅವಳ ಹತ್ತಿರ ಹೋಗಿ, ಕೈ ಉರಿಯುತ್ತದೆ ಎಂದು ಹೇಳಿದೆ.

"ಮೊದಮೊದಲು ಉರಿಯೋದು ಸಹಜ ಕಣಮ್ಮ," ಅಂದಳು.

ಆಮೇಲೆ ಚರ್ಮ ಸುಲಿಯಿತು. ಹಳೇ ಚರ್ಮ ಹೋಗೋದು ಸಹಜ. ಉಗುರಿನ ಬುಡ ಕಪ್ಪಾಯಿತು. ವಯಸ್ಸಿಗೆ ಸಹಜ. ಚಮಚದಜ್ಜಿಗೆ ಬೆರಳು ಮಡಿಸಲು ಬಾರದೆ ಹೋಯಿತು. ಚಳಿಗೆ ಸಹಜ. ಎಲ್ಲಕ್ಕೂ ಅದೊಂದೇ ಮುಲಾಮು ಸವರಿ ಕಳಿಸುತ್ತಿದ್ದಳು. ನಾವು ಅವಳಿಗೆ ಸಹಜಮ್ಮ ಎಂದು ಹೆಸರಿಟ್ಟೆವು. ಎದುರಿಗೆ ಮೇಡಂ, ಬೆನ್ನ ಹಿಂದೆ ಸಹಜಮ್ಮ.

ಕಲೆ ತೆಗೆಯುವುದು ನಮಗೆ ಗೊತ್ತಿರುವ ಕೆಲಸ, ಅವಳಿಂದ ಕಲಿತದ್ದಲ್ಲ. ರಕ್ತಕ್ಕೆ, ಹಾಲಿಗೆ, ಮೊಟ್ಟೆಗೆ ತಣ್ಣೀರು. ಬಿಸಿನೀರು ಹಾಕಿದರೆ ಕಲೆ ಬೇಯುತ್ತದೆ, ಬೆಂದ ಕಲೆ ಬಟ್ಟೆ ಬಿಡುವುದಿಲ್ಲ. ಹಣ್ಣಿನ ರಸಕ್ಕೆ ವಿನಿಗರ್. ತುಕ್ಕಿಗೆ, ಇಂಕಿಗೆ ನಿಂಬೆಹಣ್ಣು ಮತ್ತು ಉಪ್ಪು, ಆಮೇಲೆ ಬಿಸಿಲು. ಕೆಸರಾದರೆ ಒಣಗಲು ಬಿಟ್ಟು ಕೊಡವಬೇಕು. ಅವಸರ ಪಟ್ಟು ಒದ್ದೆಯಲ್ಲೇ ಉಜ್ಜಿದರೆ ಅದು ನೂಲಿನೊಳಗೆ ಹೋಗಿ ಕೂರುತ್ತದೆ. ವಾಂತಿಯ ಕಲೆಯನ್ನು ಎರಡು ಸಲ ನೆನೆಸಬೇಕು, ಒಮ್ಮೆ ಕಲೆಗೆ, ಒಮ್ಮೆ ವಾಸನೆಗೆ. ಅಂಟುವಾಳದ ನೊರೆ ನೋಡಲು ಚೆಂದ. ಅದು ಬೆವರು, ಧೂಳು ತೆಗೆಯುತ್ತದೆ, ಅಷ್ಟೇ. ಉಳಿದದ್ದೆಲ್ಲ ನಮ್ಮ ರಟ್ಟೆ.

ರಟ್ಟೆಗೂ ಬಗ್ಗದ ಜಿಡ್ಡಿನ ಕಲೆ ಇದ್ದರೆ ಅದಕ್ಕೆ ಎಂಟನೇ ತೊಟ್ಟಿ. ಒಲೆಬೂದಿಗೆ ಸುಣ್ಣ ಬೆರೆಸಿ, ಒಂದು ದಿನ ನೆನೆಸಿ, ಬಟ್ಟೆಯಲ್ಲಿ ಸೋಸಿದ ನೀರು ಅದು. ಬೂದಿ, ಸುಣ್ಣ, ನೀರು. ಮೂರೂ ಸಹಜವೇ. ನೋಡಲು ತಿಳಿ ಚಹಾದ ಬಣ್ಣ. ಬೆರಳು ಅದ್ದಿದರೆ ನುಣ್ಣಗೆ ಜಾರುತ್ತದೆ. ಎಷ್ಟು ನುಣುಪು ನೋಡಿ ಎಂದು ಸಹಜಮ್ಮ ದೂರದಿಂದಲೇ ಜನಕ್ಕೆ ಹೇಳುತ್ತಿದ್ದಳು. ಆ ನುಣುಪು ನೀರಿನದಲ್ಲ. ಅದು ನಮ್ಮ ಬೆರಳಿನ ಚರ್ಮ ಕರಗುವ ನುಣುಪು. ಅಲ್ಲಿಂದ ಕೈ ತೆಗೆದು ನೇರ ನಿಂಬೆಯ ತೊಟ್ಟಿಗೆ ಹಾಕಬೇಕು. ಆಗ ಬರುವ ಉರಿಯನ್ನು ಹೇಳಲು ನನಗೆ ಮಾತು ಸಾಲದು. ನಮ್ಮಲ್ಲಿ ಕೆಲವರು ಹಲ್ಲು ಕಚ್ಚುತ್ತಿದ್ದರು. ಕೆಲವರು ಉಚ್ಚೆ ಹೊಯ್ದುಕೊಂಡದ್ದೂ ಇದೆ. ಅದನ್ನು ನಾವೇ ಒಗೆದುಕೊಂಡೆವು.

ಆ ಶೆಡ್ಡಿಗೆ ನನ್ನ ಓರಗಿತ್ತಿಯನ್ನು ಕರೆತಂದವಳು ನಾನೇ. ನನ್ನ ಗಂಡನ ತಮ್ಮನ ಹೆಂಡತಿ. ಇಪ್ಪತ್ತಾರು ವರ್ಷ. ಎರಡು ಕೋಣೆಯ ಮನೆಯಲ್ಲಿ ನಾವೆಲ್ಲ ಒಟ್ಟಿಗಿದ್ದೇವೆ. ಗಂಡಸರಿಬ್ಬರೂ ಮಂಡಿಯಲ್ಲಿ ಮೂಟೆ ಹೊರುತ್ತಾರೆ. ಅವಳಿಗೆ ಎರಡು ವರ್ಷದ ಮಗಳು, ನನ್ನನ್ನು ದೊಡ್ಡಮ್ಮ ಎನ್ನುತ್ತದೆ. ನನಗೆ ಮಕ್ಕಳಿಲ್ಲ. ಹಾಗಾಗಿ ಅದು ಇಬ್ಬರ ಮಗು. ಹಿಂದೆ ಹೊಲಿಗೆ ಹಾಕುತ್ತಿದ್ದವಳು ಓರಗಿತ್ತಿ. ಸೂಜಿಗೆ ದಾರ ಪೋಣಿಸುವುದನ್ನು ನೋಡುತ್ತ ಕೂರಬೇಕು, ಅಂಥ ಬೆರಳು. ಹೊಲಿಗೆ ಅಂಗಡಿ ಮುಚ್ಚಿತು. ನಾನು, ನಮ್ಮಲ್ಲಿಗೆ ಬಾ, ಎಲ್ಲ ನಿಂಬೆಹಣ್ಣು, ಬೂದಿ, ಏನೂ ಆಗೋಲ್ಲ ಎಂದು ಕೈ ಹಿಡಿದು ಕರೆದುಕೊಂಡು ಹೋದೆ. ಆ ಮಾತು ಆಡಿದ ನಾಲಿಗೆಯನ್ನು ನಾನೇ ಕಿತ್ತುಕೊಳ್ಳಬೇಕು ಅನಿಸುತ್ತದೆ.

ಅವಳ ಚರ್ಮ ನನ್ನದಕ್ಕಿಂತ ತೆಳು. ಮೂರೇ ತಿಂಗಳಲ್ಲಿ ಬೆರಳಿನ ಸಂದುಗಳೆಲ್ಲ ಬಿರಿದವು. ಬಿರುಕಿನಲ್ಲಿ ಬಿಳೀ ನೀರು ಒಸರುತ್ತಿತ್ತು. ಕೊಳೆತ ಹಣ್ಣಿನ ವಾಸನೆ. ಮನೆಯಲ್ಲಿ ಹಿಟ್ಟು ಕಲಸಲು ಅವಳಿಗೆ ಬಿಡಬೇಡ ಎಂದು ನನ್ನ ಗಂಡ ನನ್ನ ಕಿವಿಯಲ್ಲಿ ಹೇಳಿದ. ಅವನಿಗೆ ಹೇಸಿಗೆಯಾಗಿತ್ತು. ನಾನು ಅವನ ಮುಖ ನೋಡದೆ ಹಿಟ್ಟು ಕಲಸಿದೆ. ನನ್ನ ಕೈ ಏನು ಕಮ್ಮಿ ಇತ್ತೇ, ಅದಕ್ಕೆ ಸ್ವಲ್ಪ ದೊರಗು ಜಾಸ್ತಿ, ಅಷ್ಟೇ.

ಮಗುವಿಗೆ ಸ್ನಾನ ಮಾಡಿಸುವಾಗ ಗೊತ್ತಾಯಿತು. ಓರಗಿತ್ತಿ ಬೆನ್ನು ಉಜ್ಜಲು ಹೋದರೆ ಮಗು ಮೈ ಹಿಂಡಿಕೊಂಡು, "ಅಮ್ಮ ಬೇಡ, ದೊಡ್ಡಮ್ಮ," ಅಂದಿತು. ನಾನು ಕೂತೆ. ನನ್ನ ಕೈ ತಾಗಿದ್ದೇ, "ದೊಡ್ಡಮ್ಮನೂ ಬೇಡ," ಅಂದಿತು. ಅದರ ಮೈಮೇಲೆ ಕೆಂಪಗೆ ಗೀರು ಎದ್ದಿತ್ತು. ಕೊನೆಗೆ ಅವರಪ್ಪ ನೀರು ಹುಯ್ದ. ನಾವಿಬ್ಬರು ಹೆಂಗಸರು ಗೋಡೆಗೊರಗಿ ನಿಂತು ನೋಡಿದೆವು.

ಅದರ ಫ್ರಾಕಿನ ಮೇಲೆ ಅನ್ನದ ಸಾರು, ಮಣ್ಣು, ಜೊಲ್ಲು, ಎಲ್ಲ ಇರುತ್ತಿತ್ತು. ಊರ ಮಕ್ಕಳ ಬಟ್ಟೆಯನ್ನೆಲ್ಲ ಬೆಳ್ಳಗೆ ಮಾಡಿ ಬಂದ ನಮಗೆ ನಮ್ಮ ಮಗುವಿನ ಫ್ರಾಕನ್ನು ನೀರಿಗೆ ಹಾಕಲು ಕೈ ಬರುತ್ತಿರಲಿಲ್ಲ. ನೀರು ಎಂದರೆ ಹೆದರಿಕೆ. ಅಕ್ಕಪಕ್ಕದವರು, ಒಗೆಯೋರ ಮನೆ ಮಗು ನೋಡು ಎಂದು ನಕ್ಕರು. ನಗಲಿ ಬಿಡಿ.

ಒಂದು ದಿನ ಓರಗಿತ್ತಿ ಮೂಲೆ ಅಂಗಡಿಯಿಂದ ರಬ್ಬರು ಗ್ಲೌಸು ತಂದಳು. ಹಳದಿ ಬಣ್ಣದ್ದು, ಮೊಣಕೈವರೆಗೆ ಬರುವಂಥದ್ದು. ಬಲಗೈಯ ಅಂಚಿನಲ್ಲಿ ಕೆಂಪು ದಾರದಿಂದ ಒಂದು ಹೊಲಿಗೆ ಹಾಕಿ ಗುರುತು ಮಾಡಿಕೊಂಡಳು. ಹಾಕಿಕೊಂಡು ಎಂಟನೇ ತೊಟ್ಟಿಗೆ ಕೈ ಬಿಟ್ಟು, ನನ್ನ ಕಡೆ ತಿರುಗಿ, "ಅಕ್ಕ, ಉರೀತಾನೇ ಇಲ್ಲ," ಅಂದಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿದ್ದು ನೋಡಿದೆ. ನಾವೆಲ್ಲ ನಾಳೆಯೇ ಒಂದೊಂದು ಜೊತೆ ತರೋಣ ಎಂದುಕೊಂಡೆವು.

ಮಧ್ಯಾಹ್ನ ಒಬ್ಬ ತಾಯಿ ಬಟ್ಟೆ ಕೊಡಲು ಬಂದವಳು ಶೆಡ್ಡಿನೊಳಗೆ ಇಣುಕಿದಳು. ಹಳದಿ ಕೈ ಕಂಡು, ಗ್ಲೌಸು ಯಾಕೆ ಎಂದು ಕೇಳಿದಳು. ಸಹಜಮ್ಮ ಏನೋ ಹೇಳಿ ಸಾಗಹಾಕಿ, ಒಳಗೆ ಬಂದು ಓರಗಿತ್ತಿಯ ಮುಂದೆ ಕೈ ಚಾಚಿದಳು. ಕೋಪ ಮಾಡಲಿಲ್ಲ. ಮಗುವಿನ ಕೈಯಿಂದ ಕತ್ತರಿ ಇಸಿದುಕೊಳ್ಳುವವಳ ಹಾಗೆ ಚಾಚಿದಳು.

"ಕೈಗೆ ಆಗದೇ ಇರೋದು ಮಗು ಮೈಗೆ ಹೇಗಾಗುತ್ತೆ ಅಂತ ಅವರು ಕೇಳ್ತಾರೆ," ಅಂದಳು. "ನಾನೇನು ಹೇಳ್ಲಿ? ನಿಮ್ಮ ಬರಿಗೈ ನೋಡಿದ್ರೇನೇ ಅವರಿಗೆ ನಂಬಿಕೆ ಕಣಮ್ಮ."

ಗ್ಲೌಸು ತೆಗೆದುಕೊಂಡು ಹೋದಳು. ಮರುವಾರ ಬೋರ್ಡಿನ ಮೇಲೆ ಇನ್ನೊಂದು ಸಾಲು ಬರೆಸಿದಳು: 'ಬರಿಗೈಯಲ್ಲಿ ಒಗೆದದ್ದು.' ನಮ್ಮ ಬಿರಿದ ಕೈ ಅವಳ ಬೋರ್ಡಿಗೆ ಏರಿತು. ಆ ಹಳದಿ ಗ್ಲೌಸು ಎಲ್ಲಿಗೆ ಹೋಯಿತು ಎಂದು ನಾನು ಕಣ್ಣಿಟ್ಟಿದ್ದೆ. ನಾಲ್ಕು ದಿನದ ಮೇಲೆ ಕಂಡಿತು. ಸಹಜಮ್ಮ ಅಂಗಳದ ಗುಲಾಬಿ ಕುಂಡಗಳ ಮುಂದೆ ಕೂತು ಟೊಂಗೆ ಕತ್ತರಿಸುತ್ತಿದ್ದಳು. ಮುಳ್ಳು ಚುಚ್ಚಬಾರದಲ್ಲ. ಎರಡೂ ಕೈಗೆ ಗ್ಲೌಸು, ಅಂಚಿನಲ್ಲಿ ಕೆಂಪು ದಾರ. ಮುಳ್ಳೂ ಸಹಜವೇ ತಾನೆ ಎಂದು ಕೇಳುವಷ್ಟು ಧೈರ್ಯ ಆಗ ನನಗಿರಲಿಲ್ಲ. ಕೆಲಸ ಮುಗಿದ ಮೇಲೆ ಅದನ್ನು ಕುಂಡಗಳ ಹಿಂದಿನ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದಳು. ನಾವು ದಿನಾ ಅದರ ಮುಂದೆಯೇ ಹಾದುಹೋಗುತ್ತಿದ್ದೆವು.

ಓರಗಿತ್ತಿಯ ಕೈ ಬಿರಿದು ರಕ್ತ ಬರತೊಡಗಿತು. ಬಟ್ಟೆಗೆ ತಾಗದ ಹಾಗೆ ಅವಳು ಬೆರಳಿಗೆ ಚಿಂದಿ ಸುತ್ತಿಕೊಳ್ಳುತ್ತಿದ್ದಳು. ಚಿಂದಿ ಒದ್ದೆಯಾಗಿ ಕಳಚುತ್ತಿತ್ತು. ಒಂದು ಬಿಳೀ ಫ್ರಾಕಿನ ಕಂಕುಳಲ್ಲಿ ಕಡಲೆಕಾಳಿನಷ್ಟು ಕಲೆ ಉಳಿದುಬಿಟ್ಟಿತು. ಇಸ್ತ್ರಿಯ ಕಾವಿಗೆ ಅದು ಬೆಂದು ಕಂದಾಗಿ ಕೂತಿತು. ಆ ಮನೆಯ ತಾಯಿ ಫ್ರಾಕನ್ನು ಚೀಲದಲ್ಲಿ ಹಾಕಿ, ಚೀಲದ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ತಂದಳು. ಇದು ಯಾರ ರಕ್ತ, ಅವಳಿಗೆ ಏನು ರೋಗ ಎಂದು ಅಂಗಳದಲ್ಲಿ ನಿಂತು ಕೇಳಿದಳು.

ಸಹಜಮ್ಮ ನಮ್ಮ ಆರೂ ಜನರನ್ನು ಸಾಲಾಗಿ ನಿಲ್ಲಿಸಿದಳು. ಕೈ ಮುಂದೆ ಚಾಚಿ ಅಂದಳು. ಆ ತಾಯಿ ಒಬ್ಬೊಬ್ಬರ ಕೈಯನ್ನೂ ದೂರದಿಂದ ನೋಡುತ್ತ ಬಂದಳು. ಓರಗಿತ್ತಿಯ ಮುಂದೆ ನಿಂತು ಮೂಗಿಗೆ ಬಟ್ಟೆ ಹಿಡಿದಳು. ನನ್ನ ಓರಗಿತ್ತಿ ತಲೆ ತಗ್ಗಿಸಿ, ತಪ್ಪಾಯ್ತು ಎಂದಳು. ಏನು ತಪ್ಪು ಎಂದು ಅವಳನ್ನು ಆಮೇಲೆ ಕೇಳಿದೆ. ಗೊತ್ತಿಲ್ಲ ಅಕ್ಕ, ಬಾಯಿಗೆ ಬಂತು ಎಂದಳು.

ರೋಗ ಇಲ್ಲ ಎಂದು ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು ಬರಬೇಕೆಂದು ಸಹಜಮ್ಮ ಆರೂ ಜನರಿಗೆ ಹೇಳಿದಳು. ಹೋದೆವು. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತು, ತೋಳು ಚಾಚಿ, ರಕ್ತ ಕೊಟ್ಟು ಬಂದೆವು. ಅವರ ಮಕ್ಕಳ ಹೇಲು ಉಚ್ಚೆ ವಾಂತಿ ಎಲ್ಲ ಯಾವ ಚೀಟಿಯೂ ಇಲ್ಲದೆ ನಮ್ಮ ಉಗುರಿನ ಸಂದಿಗೆ ಬರುತ್ತದೆ. ನಮ್ಮ ಕಡಲೆಕಾಳಿನಷ್ಟು ರಕ್ತಕ್ಕೆ ಸರ್ಕಾರದ ಮೊಹರು ಬೇಕಾಯಿತು. ಥೂ.

ಯಾರಿಗೂ ರೋಗವಿರಲಿಲ್ಲ. ಓರಗಿತ್ತಿಯ ಚೀಟಿಯಲ್ಲಿ ಡಾಕ್ಟರು ಕೆಳಗೆ ಇನ್ನೊಂದು ಸಾಲು ಬರೆದಿದ್ದರು. ಕ್ಷಾರದ ನೀರಿನಿಂದ ಸುಟ್ಟ ಗಾಯ, ಕೈಗವಸು ಇಲ್ಲದೆ ಕೆಲಸ ಮಾಡಬಾರದು ಎಂದು. ಸಹಜಮ್ಮ ಮೇಲಿನ ಸಾಲು ಓದಿ, ಸದ್ಯ ಎಂದು ನಿಟ್ಟುಸಿರು ಬಿಟ್ಟು, ಚೀಟಿ ಮಡಿಚಿ ಡ್ರಾಯರಿಗೆ ಹಾಕಿದಳು. ಕೆಳಗಿನದನ್ನೂ ಓದಿ ಮೇಡಂ ಎಂದು ನಾನು ಹೇಳಿದೆ. ಓದಿದ್ದೇನೆ ಎಂದಳು. ಆಮೇಲೆ ಓರಗಿತ್ತಿಯ ಕಡೆ ತಿರುಗಿ, ಕೈ ಪೂರ್ತಿ ವಾಸಿಯಾಗಲಿ, ಆಮೇಲೆ ಬಾರಮ್ಮ ಎಂದಳು. ಕೆಲಸದಿಂದ ತೆಗೆಯುವುದಕ್ಕೂ ಎಂಥ ಮೆತ್ತನೆ ಮಾತು ನೋಡಿ. ಹೀಗೆ ಅವಳಿಂದ ಕೈ ತೊಳೆದುಕೊಂಡಳು.

ರಕ್ತದ ಸುದ್ದಿ ಒಬ್ಬರಿಂದೊಬ್ಬರಿಗೆ ಹರಡಿತು. ಬಟ್ಟೆ ಬರುವುದು ಕಮ್ಮಿಯಾಯಿತು. ಆಗ ಸಹಜಮ್ಮ ಒಂದು ಉಪಾಯ ಹೂಡಿದಳು. ತಾಯಂದಿರನ್ನೆಲ್ಲ ಒಂದು ಬೆಳಿಗ್ಗೆ ಕರೆದು, ಅವರ ಕಣ್ಣೆದುರಿಗೇ ಕಲೆ ತೆಗೆದು ತೋರಿಸುವುದು. ತೆಗೆಯುವವಳು ನಾನು. ಐದು ಜನರಲ್ಲಿ ನನ್ನ ಕೈಯೇ ನೋಡುವ ಹಾಗಿತ್ತು. ನಾಲ್ಕು ದಿನ ಮೊದಲೇ ನನ್ನನ್ನು ನೀರಿನಿಂದ ಬಿಡಿಸಿ, ಒಂದು ಡಬ್ಬಿ ಕ್ರೀಮು ಕೊಟ್ಟು, ದಿನಕ್ಕೆ ಆರು ಸಲ ಹಚ್ಚಿಕೊಳ್ಳಲು ಹೇಳಿದಳು. ಹೇಳಬೇಕಾದ ಮಾತನ್ನೂ ಬಾಯಿಪಾಠ ಮಾಡಿಸಿದಳು. ಬಿರುಕುಗಳಲ್ಲಿ ಕ್ರೀಮು ತುಂಬಿಕೊಂಡು ಕೈ ಸುಣ್ಣ ಬಳಿದ ಗೋಡೆಯ ಹಾಗಾಯಿತು. ಮನೆಯಲ್ಲಿ ಓರಗಿತ್ತಿ ಆ ಡಬ್ಬಿಯನ್ನು ಮೂಸಿ ನೋಡಿ, ನೀನು ಹಚ್ಕೋ ಅಕ್ಕ, ನಿನ್ನ ಕೆಲಸವಾದರೂ ಉಳಿಯಲಿ ಎಂದಳು. ಅವಳದರ ಜೊತೆಗೆ ನನ್ನ ಕೆಲಸವೂ ಹೋದರೆ ಮಗುವಿನ ಹಾಲಿಗೆ ದಾರಿಯಿರಲಿಲ್ಲ. ಅದು ನನ್ನ ತಲೆಯಲ್ಲಿ ಕೂತಿತ್ತು. ಆವತ್ತು ಬಾಯಿ ಮುಚ್ಚಿಕೊಂಡು ಇರುವುದೆಂದೇ ಗಟ್ಟಿ ಮಾಡಿಕೊಂಡು ಹೋದೆ.

ಅಂಗಳದಲ್ಲಿ ಇಪ್ಪತ್ತು ಕುರ್ಚಿ. ಕುರ್ಚಿಯ ಮೇಲೆ ತಾಯಂದಿರು, ತಾಯಂದಿರ ಕೈಯಲ್ಲಿ ಫೋನು. ಮುಂದೆ ಒಂದು ಅಗಲ ಬೋಗುಣಿ, ಅದರ ತುಂಬ ಅಂಟುವಾಳದ ನೊರೆ. ಸಹಜಮ್ಮನ ಮೊಮ್ಮಗಳು, ನಾಲ್ಕು ವರ್ಷದ್ದು, ಕುರ್ಚಿಗಳ ಸಂದಿಯಲ್ಲಿ ಓಡಾಡಿಕೊಂಡಿತ್ತು. ಮೊದಲು ಒಂದು ಬಿಳೀ ಅಂಗಿ ಕೊಟ್ಟರು. ಅದರ ಮೇಲೆ ಆಗ ತಾನೆ ಟೊಮೆಟೊ ಹಿಂಡಿದ್ದರು. ಹಸಿ ಕಲೆ ಬರೀ ನೀರಿಗೇ ಹೋಗುತ್ತದೆ, ಅದಕ್ಕೆ ನೊರೆ ಯಾಕೆ. ಎರಡು ಸಲ ಉಜ್ಜಿ ಎತ್ತಿ ತೋರಿಸಿದೆ. ಚಪ್ಪಾಳೆ ಬಿತ್ತು.

"ಎಷ್ಟು ವರ್ಷದಿಂದ ಒಗೀತಿದೀಯಮ್ಮ?" ಸಹಜಮ್ಮ ಕೇಳಿದಳು.

"ಇಪ್ಪತ್ತು ವರ್ಷ. ನನ್ನ ಕೈ ನೋಡಿ ತಾಯಿ, ಹೂವಿನ ಹಾಗಿದೆ."

ಹೇಳಿದೆ. ನಿಮ್ಮ ಹತ್ತಿರ ಸುಳ್ಳು ಯಾಕೆ, ಹೇಳಿದೆ. ಕ್ರೀಮಿನ ಕೈ ಎತ್ತಿ ಹಿಡಿದು, ಹಲ್ಲು ಬಿಟ್ಟು ಹೇಳಿದೆ. ಇಪ್ಪತ್ತು ಫೋನುಗಳಲ್ಲಿ ಆ ಮಾತು ಈಗಲೂ ಇರಬೇಕು. ನನ್ನ ಮೈಮೇಲೆ ನಾನೇ ಕಾರಿಕೊಂಡ ಹಾಗಾಯಿತು.

ಅಷ್ಟರಲ್ಲಿ ಒಬ್ಬಳು ತಾಯಿ ಚೀಲದಿಂದ ಒಂದು ಫ್ರಾಕು ತೆಗೆದಳು. ಎದೆಯ ಮೇಲೆ ಅಂಗೈಯಗಲ ಎಣ್ಣೆಯ ಕಲೆ, ಹಳೆಯದು, ಹಳದಿಗಟ್ಟಿದ್ದು. ಹಸಿ ಕಲೆ ಯಾರು ಬೇಕಾದರೂ ತೆಗೆಯುತ್ತಾರೆ, ಇದನ್ನು ತೆಗೆದು ತೋರಿಸಿ ಎಂದಳು. ಬುದ್ಧಿವಂತೆ. ನೊರೆಯಲ್ಲಿ ಅದ್ದಿ ಉಜ್ಜಿದೆ. ಕಲೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸಹಜಮ್ಮ ನಗುತ್ತಲೇ ಶೆಡ್ಡಿನ ಕಡೆ ಕಣ್ಣು ಮಾಡಿದಳು. ಒಳಗಿನಿಂದ ಇಬ್ಬರು ಎಂಟನೇ ತೊಟ್ಟಿಯ ನೀರನ್ನು ಇನ್ನೊಂದು ಬೋಗುಣಿಯಲ್ಲಿ ತಂದು ನನ್ನ ಮುಂದಿಟ್ಟರು. ಇದು ಬರೀ ಬೂದಿನೀರು, ನಮ್ಮ ಅಜ್ಜಿಯಂದಿರ ಕಾಲದ್ದು ಎಂದು ಸಹಜಮ್ಮ ವಿವರಿಸುತ್ತಿದ್ದಳು.

ಮೊಮ್ಮಗಳಿಗೆ ನೀರು ಕಂಡಿತು. ಮಕ್ಕಳಿಗೆ ನೀರು ಕಂಡರೆ ಕೇಳಬೇಕೇ. ಓಡಿಬಂದು ಬೋಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡೂ ಕೈ ಚಾಚಿತು.

"ಮುಟ್ಬೇಡ!"

ನಾನು ಹೇಳಿದೆನಲ್ಲ, ಒಂದೇ ಸಲ ಎಂದು. ಸಹಜಮ್ಮನ ಗಂಟಲಿನಿಂದ ಅಂಥ ದನಿ ಬಂದೀತು ಎಂದು ನಮಗೆ ಗೊತ್ತಿರಲಿಲ್ಲ. ಒಂದೇ ನೆಗೆತಕ್ಕೆ ಬಂದು ಮಗುವಿನ ರಟ್ಟೆ ಹಿಡಿದು ಎಳೆದಳು. ಮಗು ಬಿದ್ದು ಅತ್ತಿತು. ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಸೆರಗಿನಿಂದ ಒರೆಸಿದಳು. ಒಣ ಬೆರಳು, ನೀರು ತಾಗಿಯೇ ಇರಲಿಲ್ಲ. ಆದರೂ ಒರೆಸಿದಳು.

ಫ್ರಾಕು ತಂದಿದ್ದ ತಾಯಿ, ಅದರಲ್ಲಿ ಏನಿದೆ ಎಂದು ಕೇಳಿದಳು. ಏನಿಲ್ಲ, ಇವಳಿಗೆ ಶೀತದ ಮೈ, ತಣ್ಣೀರು ಆಗೋದಿಲ್ಲ ಎಂದು ಸಹಜಮ್ಮ ಉಸಿರು ಸರಿಮಾಡಿಕೊಂಡು ಹೇಳಿದಳು. ಎಲ್ಲರೂ ನಕ್ಕರು. ನಮ್ಮ ಮನೆಯಲ್ಲೂ ಇದೇ ಗೋಳು ಎಂದರು. ಅವರಿಗೆ ಕಣ್ಣಿರಲಿಲ್ಲವೇ. ಇತ್ತು. ಅವರಿಗೆ ಬೆಳ್ಳಗಾದ ಫ್ರಾಕು ಬೇಕಿತ್ತು, ಹಾಗಾಗಿ ಶೀತದ ಮಾತು ಸಾಕಾಯಿತು.

"ಹೂಂ, ನೀನು ತೊಳಿಯಮ್ಮ," ಅಂದಳು ಸಹಜಮ್ಮ.

ನಾನು ನೀರು ನೋಡಿದೆ. ಆ ಮಗುವಿನ ಹತ್ತು ಬೆರಳು ನೋಡಿದೆ. ನನ್ನ ಓರಗಿತ್ತಿಯ ಬೆರಳು ನೆನಪಾಯಿತು. ಮಗುವಿನ ಹಾಲೂ ನೆನಪಾಯಿತು, ಇಲ್ಲವೆನ್ನುವುದಿಲ್ಲ.

"ನಾನು ಕೈ ಹಾಕಲ್ಲ," ಅಂದೆ.

"ಏನಂದೆ?"

"ಕೈ ಹಾಕಲ್ಲ ಅಂದೆ ಮೇಡಂ."

ಎದ್ದೆ. ಗುಲಾಬಿ ಕುಂಡಗಳ ಹಿಂದಕ್ಕೆ ಹೋದೆ. ಮೊಳೆಯಿಂದ ಹಳದಿ ಗ್ಲೌಸು ತೆಗೆದು ಕೊಡವಿದೆ. ಮಣ್ಣು ಉದುರಿತು, ಒಂದು ಮುಳ್ಳೂ ಉದುರಿತು. ನಡೆದುಕೊಂಡು ಬರುತ್ತಾ ಒಂದೊಂದೇ ಬೆರಳು ತೂರಿಸಿ ಮೊಣಕೈವರೆಗೆ ಎಳೆದುಕೊಂಡೆ. ಕೂತೆ. ಫ್ರಾಕನ್ನು ಬೂದಿನೀರಿನಲ್ಲಿ ಮುಳುಗಿಸಿದೆ. ಕಲೆಯನ್ನು ನೂಲಿನ ನೇರಕ್ಕೆ ಉಜ್ಜಿದೆ, ತಿರುಗಿಸಿ ಅಡ್ಡಕ್ಕೆ ಉಜ್ಜಿದೆ, ಹಿಂಡಿದೆ, ಮತ್ತೆ ಮುಳುಗಿಸಿದೆ. ಗ್ಲೌಸು ಹಾಕಬೇಡ ಎಂದು ಸಹಜಮ್ಮ ಅಲ್ಲಿ ಹೇಗೆ ಹೇಳಿಯಾಳು. ನಾಲ್ಕು ನೀರಿನಲ್ಲಿ ಜಾಲಿಸಿ, ವಿನಿಗರಿನಲ್ಲಿ ಅದ್ದಿ ತೆಗೆದು, ಬಿಸಿಲಿಗೆ ಹಿಡಿದೆ. ಕಲೆ ಇರಲಿಲ್ಲ. ನನ್ನ ಕೆಲಸದ ಬಗ್ಗೆ ಯಾರೂ ಬೆರಳು ತೋರಿಸುವಂತಿಲ್ಲ.

"ತಗೊಳ್ಳಿ ತಾಯಿ," ಎಂದು ಆ ತಾಯಿಗೆ ಚಾಚಿದೆ.

ಅವಳು ತೆಗೆದುಕೊಳ್ಳಲಿಲ್ಲ. ಹಳದಿ ಬೆರಳುಗಳನ್ನೇ ನೋಡುತ್ತಿದ್ದಳು. ಇದು ಮಗುವಿನ ಮೈಗೆ ಏನಾದರೂ ಮಾಡುತ್ತದೆಯೇ ಎಂದು ಕೇಳಿದಳು. ಇನ್ನೊಬ್ಬಳು ಅದನ್ನೇ ಕೇಳಿದಳು. ಆಮೇಲೆ ಎಲ್ಲರೂ. ಮಗುವಿನ ಮೈ, ಮಗುವಿನ ಮೈ. ನಾನು ಕಾದೆ. ಇಪ್ಪತ್ತು ಜನ ಹೆತ್ತವರಲ್ಲಿ ಒಬ್ಬಳಾದರೂ ನಿನ್ನ ಕೈಗೆ ಏನಾಗಿದೆ ಎಂದು ಕೇಳಿಯಾಳು ಎಂದು ಕಾದೆ. ಕೇಳಲಿಲ್ಲ. ನಾನು ಗ್ಲೌಸು ಕಳಚಿದೆ. ಕ್ರೀಮೆಲ್ಲ ಬೆವರಿಗೆ ಕರಗಿ ಹೋಗಿತ್ತು. ಎರಡೂ ಅಂಗೈ ಅವರ ಮುಖಕ್ಕೆ ಹಿಡಿದೆ.

"ಮಗು ಮೈಗೆ ಏನೂ ಆಗಲ್ಲ. ನಾಲ್ಕು ನೀರಲ್ಲಿ ಜಾಲಿಸ್ತೀವಿ. ಆಗೋದೆಲ್ಲ ಇಲ್ಲೇ ಆಗಿ ಮುಗಿಯುತ್ತೆ. ಇಪ್ಪತ್ತು ವರ್ಷ ಅಂದಿದ್ದು ಸುಳ್ಳು. ಇದು ಎರಡು ವರ್ಷದ ಕೈ."

ಮುಂದಿನ ಸಾಲಿನವಳೊಬ್ಬಳು ಬಾಯಿಗೆ ಕೈ ಇಟ್ಟು ಮುಖ ತಿರುಗಿಸಿದಳು. ನನಗೂ ಅವರನ್ನು ನೋಡಿ ಹಾಗೇ ಆಗಿತ್ತು. ಬೋಗುಣಿಯನ್ನು ಕಾಲಿನಿಂದ ಸಹಜಮ್ಮನ ಕಡೆ ನೂಕಿದೆ.

"ಒಂದ್ಸಲ ನೀವು ಅದ್ದಿ ಮೇಡಂ. ಮೊದಮೊದಲು ಉರಿಯೋದು ಸಹಜ."

ಅವಳು ಬೈಯಲಿಲ್ಲ. ಹೆಜ್ಜೆ ಹಿಂದಿಟ್ಟು, ಎರಡೂ ಕೈಯನ್ನು ಬೆನ್ನ ಹಿಂದೆ ಸೇರಿಸಿಕೊಂಡಳು. ಅದನ್ನು ಎಲ್ಲರೂ ನೋಡಿದರು.

ಶೆಡ್ಡಿನ ಬಾಗಿಲಲ್ಲಿ ಏನೋ ಠಣ್ ಎಂದಿತು. ಚಮಚದಜ್ಜಿ ಚಮಚ ಎಸೆದಿದ್ದಳು. ಅವಳ ಹಿಂದೆ ಉಳಿದ ಮೂವರು ಕೈ ಒರೆಸಿಕೊಂಡು ಹೊರಗೆ ಬಂದರು. ನಾವು ಗೇಟಿನ ಕಡೆ ನಡೆದೆವು. ಹಿಂದಿನಿಂದ ಸಹಜಮ್ಮ, ಗ್ಲೌಸು ಇಟ್ಟು ಹೋಗು, ಅದು ತೋಟದ್ದು ಎಂದಳು. ಆ ಹೊತ್ತಿನಲ್ಲೂ ಅವಳಿಗೆ ಅದು ಬೇಕಿತ್ತು.

"ಇದು ನನ್ನ ಓರಗಿತ್ತಿದು," ಅಂದೆ. "ಕೆಂಪು ದಾರ ಇದೆ, ನೋಡ್ಕೊಳ್ಳಿ."

ಮನೆಗೆ ಬಂದಾಗ ಓರಗಿತ್ತಿ ಹೊಸ್ತಿಲಲ್ಲಿ ಕೂತಿದ್ದಳು. ಮಗು ಕಲೆಯ ಫ್ರಾಕಿನಲ್ಲೇ ಅಂಗಳದಲ್ಲಿ ಮಣ್ಣು ಕಲಸುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಕೆಲಸ ಹೋಯಿತು ಎಂದೂ ಹೇಳಿದೆ. ನಾಳೆ ಐದೂ ಜನ ಆ ಡ್ರಾಯರಿನಲ್ಲಿರುವ ನಿನ್ನ ಡಾಕ್ಟರ ಚೀಟಿ ಕೇಳಲು ಹೋಗುತ್ತೇವೆ, ನೀನೂ ಬರಬೇಕು, ಗ್ಲೌಸು ಹಾಕಿಕೊಂಡೇ ಬರಬೇಕು ಎಂದೆ. ಅವಳು ಗ್ಲೌಸು ಇಸಿದುಕೊಂಡು, ಕೆಂಪು ದಾರದ ಗಂಟನ್ನು ಒಮ್ಮೆ ಮುಟ್ಟಿ ನೋಡಿ, ಬಲಗೈ ತೂರಿಸಿದಳು. ಹೆಬ್ಬೆರಳು ಒಳಗೆ ಹೋಯಿತು. ಉಳಿದ ನಾಲ್ಕು ಬುಡದಲ್ಲೇ ಸಿಕ್ಕಿಕೊಂಡವು. ಬಾತ ಬೆರಳುಗಳು. ಎಳೆದಳು, ಮತ್ತೆ ತೂರಿಸಿದಳು. ಹಳದಿ ರಬ್ಬರಿನ ಅಂಚಿಗೆ ಕೀವು ಮೆತ್ತಿತು.

"ಹೋಗಲ್ಲ ಅಕ್ಕ," ಎಂದು ನಗಲು ನೋಡಿದಳು. "ಊದ್ಕೊಂಡಿದೆಯಲ್ಲ. ಸಹ..."

ನಾನು ಅವಳ ಬಾಯಿ ಮೇಲೆ ಕೈ ಇಟ್ಟೆ. ನನ್ನ ದೊರಗು ಕೈ ಅವಳ ತುಟಿಗೆ ಚುಚ್ಚಿರಬೇಕು. ತೆಗೆಯಲಿಲ್ಲ.